ಮುತ್ಯಾನ ಗಾಡಿಗೆ ಇಂಜೆಕ್ಷನ್

ಶಹಾಪುರದಲ್ಲಿ ಬೀದರ್–ಶ್ರೀರಂಗಪಟ್ಟಣ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಸಾಲು ಬಿಸಿಲ ಜಳದಲ್ಲಿ ಅಲುಗಾಡುತ್ತಿದೆ. ಯಾದಗಿರಿ ಸ್ಟೇಷನ್ನಿನಿಂದ ಸುರಪುರಕ್ಕೆ ಹೊರಟಿದ್ದ 1984ರ ಬಿಳಿ ಅಂಬಾಸಿಡರ್ ಶೆಡ್ಡಿನ ಮುಂದೆ ಬಾನೆಟ್ ತೆರೆದು ನಿಂತಿದೆ. ಇಂಜಿನ್ನಿನ ಮಗ್ಗುಲ ಪೆಟ್ರೋಲ್ ಪಂಪಿನ ಮೇಲೆ ಹಸಿ ಟವೆಲ್ಲು. ಗಾಡಿ ತಂದವನು ಅದನ್ನು ಕೊಂಡಿದ್ದ ಹಿರಿಯರ ಮೊಮ್ಮಗ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ. ಎದುರಿಗಿರುವವರು ಆ ಗಾಡಿಯನ್ನು ಅವನಿಗಿಂತ ಮೊದಲಿಂದ ಬಲ್ಲ ಮೇಸ್ತ್ರಿ.

ಮೇಸ್ತ್ರಿ: ಎಲ್ಲಿ ಕೈಕೊಟ್ಟಿತು?

ಮೊಮ್ಮಗ: ಭೀಮಾ ಬ್ರಿಜ್ ದಾಟಿ ಸ್ವಲ್ಪ ಮುಂದ ಬಂದಿದ್ದೆ ಕಾಕಾ. ಮೊದಲು ಪಿಕಪ್ ಹೋತು. ಆಮ್ಯಾಲ ಎರಡು ಸಲ ಜಗ್ಗಿ ಬಂದ್ ಬಿತ್ತು. ಟ್ರ್ಯಾಕ್ಟರಿನವನೊಬ್ಬ ಪಂಪಿನ ಮ್ಯಾಲ ಹಸಿ ಅರಬಿ ಹಾಕು ಅಂದ. ಹಾಕಿ ಕಾಲು ತಾಸು ಕುಂತೆ, ಚಾಲೂ ಆತು.

ಮೇಸ್ತ್ರಿ: ಆಗ್ತದ. ಆ ಪಂಪು ಇಂಜಿನ್ನಿನ ಮೈಗೇ ಹತ್ತಿ ಕುಂತದ. ಇಂಥ ಬಿಸಿಲಾಗ ಪೆಟ್ರೋಲ್ ಪೈಪಿನಾಗೇ ಕುದ್ದು ಹಬಿ ಆಗ್ತದ. ಅದಕ್ಕ ಪೆಟ್ರೋಲ್ ಎಳಿಯೋದು ಗೊತ್ತದ, ಹಬಿ ಎಳಿಯೋದು ಗೊತ್ತಿಲ್ಲ. ನಿಮ್ಮ ಮುತ್ಯಾ ಬ್ಯಾಸಗಿ ಬಂತಂದ್ರ ಡಿಕ್ಯಾಗ ಒಂದು ಟವೆಲ್ಲು, ಒಂದು ಕ್ಯಾನು ನೀರು ಇಟಗೊಂಡೇ ಯಾದಗಿರಿಗಿ ಹೋಗ್ತಿದ್ದ.

ಮೊಮ್ಮಗ: ಆ ಟವೆಲ್ಲು ಬಿಡಸಬೇಕಂತನೇ ಬಂದೀನ್ರಿ. ಕಾರ್ಬೋರೇಟರ್ ತಗದು ಇದಕ್ಕ ಇಂಜೆಕ್ಷನ್ ಹಾಕೋಣ.

ಮೇಸ್ತ್ರಿ: ಇಂಜೆಕ್ಷನ್ ಜ್ವರ ಬಂದವರಿಗಿ ಹಾಕ್ತಾರ. ಇದಕ್ಕ ಏನು ಬಂದದ?

ಮೊಮ್ಮಗ: ನಗಬ್ಯಾಡ್ರಿ ಕಾಕಾ. ಮಾರುತಿ 800ಕ್ಕ ಅದು 2000ದಾಗೇ ಬಂತು. ಈಗ ಕಾರ್ಬೋರೇಟರಿನ ಹೊಸ ಕಾರು ಹುಡುಕಿದರೂ ಸಿಗಂಗಿಲ್ಲ.

ಮೇಸ್ತ್ರಿ: ಅದು ಕಂಪನಿಯಾಗೇ ಕೂಡಿಸಿದ್ದು. ನೀ ಹೇಳೋದು ಹೊರಗಿಂದ ತಂದು ಹಚ್ಚೋದು. ಹಚ್ಚೋದಕ್ಕಿಂತ ಮೊದಲು, ನಲವತ್ತು ವರ್ಷ ದುಡದ ಕಾರ್ಬೋರೇಟರ್ ಏನು ತಪ್ಪು ಮಾಡ್ಯಾದ ಹೇಳು.

ಮೊಮ್ಮಗ: ತಪ್ಪಲ್ಲ, ಅದರ ಸ್ವಭಾವ ಹಂಗದ. ನಮ್ಮ ಹೊಲದ ಲೆಕ್ಕದಾಗೇ ಹೇಳ್ತೀನಿ. ನಾರಾಯಣಪುರದಿಂದ ಎಡದಂಡಿ ಕಾಲುವಿಗಿ ನೀರು ಬಿಡ್ತಾರ. ಹೊಲಕ್ಕ ಒಂದು ತೂಬು ಅದ ಅನ್ಕೋರಿ, ಅದಕ್ಕ ಗೇಟಿಲ್ಲ. ಕಾಲುವ್ಯಾಗ ಎಷ್ಟು ನೀರಿನ ಮಟ್ಟ ಅದನೋ ಅಷ್ಟು ತಾನೇ ಹರೀತದ. ಕಾರ್ಬೋರೇಟರ್ ಅಂದ್ರ ಗೇಟಿಲ್ಲದ ತೂಬು. ಗಾಳಿ ಸಣ್ಣ ಕೊರಳಿನಾಗ ಹಾಯುವಾಗ ಜೋರಾಗ್ತದ, ಅಲ್ಲಿ ಒತ್ತಡ ಇಳೀತದ, ಜೆಟ್ಟಿನ ತೂತಿನಿಂದ ಪೆಟ್ರೋಲ್ ತಾನೇ ಮ್ಯಾಲ ಏರಿ ಗಾಳಿಗಿ ಕೂಡತದ. ತೂತು ಒಂದೇ ಅಳತಿ. ಮುಂಜಾನಿ ತಂಪಿದ್ದರೂ ಅದೇ, ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದರೂ ಅದೇ.

ಮೇಸ್ತ್ರಿ: ತಂಪಿಗಿ ಚೋಕ್ ಅದ. ಜೋರಾಗಿ ತುಳದರ ಒಂದು ಪಿಚಕಾರಿ ಪೆಟ್ರೋಲ್ ಹಾಕಾಕ ಬ್ಯಾರೆ ಪಂಪ್ ಅದ. ಅದು ಅಷ್ಟು ದಡ್ಡ ಅಲ್ಲ ತಮ್ಮಾ.

ಮೊಮ್ಮಗ: ದಡ್ಡ ಅಲ್ರಿ, ಆದ್ರ ಅಂದಾಜಿನ ಮನಷ್ಯಾ. ಇಂಜೆಕ್ಷನ್ನಿನಾಗ ತೂಬಿಗಿ ಗೇಟ್ ಅದ, ಗೇಟಿಗಿ ಒಬ್ಬ ಕಾವಲುಗಾರ. ಪಂಪು ಪೆಟ್ರೋಲನ್ನ ಮೂರು ಬಾರ್ ಒತ್ತಡದಾಗ ಹಿಡಿದಿರ್ತದ, ನಿಮ್ಮ ಲೆಕ್ಕದಾಗ ನಲವತ್ಮೂರು ಪೌಂಡು. ಸ್ಲೋದಾಗ ಗೇಟ್ ತೆರೆಯೋದು ಎರಡೋ ಮೂರೋ ಮಿಲಿಸೆಕೆಂಡ್. ಎಷ್ಟು ತೆರೀಬೇಕು ಅನ್ನೋದು ಕಂಪ್ಯೂಟರ್ ಹೇಳ್ತದ. ನೀರು ಎಷ್ಟು ಬಿಸಿ ಅದ, ಒಳಗ ಬರೋ ಗಾಳಿ ಎಷ್ಟು ಬಿಸಿ, ಮ್ಯಾನಿಫೋಲ್ಡಿನ ಒತ್ತಡ ಎಷ್ಟು, ಕಾಲು ಎಷ್ಟು ತುಳದದ, ಎಲ್ಲಾ ಕೇಳಿ ಆಮ್ಯಾಲ ತೆರೀತದ. ಕೊನೀಗಿ ಸೈಲೆನ್ಸರ್ ಪೈಪಿನಾಗ ಒಂದು ಆಕ್ಸಿಜನ್ ಸೆನ್ಸರ್ ಕುಂತು, ಕೊಟ್ಟಿದ್ದು ಹೆಚ್ಚಾತೋ ಕಮ್ಮಿ ಆತೋ ಅಂತ ವಾಪಸ್ ಹೇಳ್ತದ.

ಮೇಸ್ತ್ರಿ: ಗೇಟಿನವ ಚಲೋ ಇದ್ದರ ಕೊನೀ ಹೊಲಕ್ಕೂ ನೀರು. ಅವನಿಗಿ ಯಾರರ ತಪ್ಪು ಲೆಕ್ಕ ಕೊಟ್ಟರ?

ಮೊಮ್ಮಗ: ಅಂದ್ರ?

ಮೇಸ್ತ್ರಿ: ಇರ್ಲಿ, ಅದಕ್ಕ ಆಮ್ಯಾಲ ಬರ್ತೀನಿ. ಇದು ಯಾರು ತಗದಿದ್ದು ಮೊದಲು?

ಮೊಮ್ಮಗ: ಅಮೆರಿಕದಾಗ ಬೆಂಡಿಕ್ಸ್ ಕಂಪನಿ 1957ರಾಗ ಮಾಡ್ತು, ನಡೀಲಿಲ್ಲ. ಆಗಿನ ಎಲೆಕ್ಟ್ರಾನಿಕ್ಸ್ ಬಿಸಿ, ತೇವ, ಅದುರು ತಡೀಲಿಲ್ಲ. ಅದರ ಹಕ್ಕು ಜರ್ಮನಿಯ ಬಾಷ್ ತಗೊಂಡು, 1967ರಾಗ ವೋಕ್ಸ್‌ವ್ಯಾಗನ್ 1600ಕ್ಕ ಹಚ್ಚಿ ತೋರಿಸ್ತು.

ಮೇಸ್ತ್ರಿ: ಬಾಷ್ ಅಂದ್ರ ನಮ್ಮ ಮೈಕೋ.

ಮೊಮ್ಮಗ: ಹೌದ್ರಿ. 1951ರಾಗ ಶುರು ಆದ ಬೆಂಗಳೂರಿನ ಮೈಕೋನೇ. 2008ರಾಗ ಹೆಸರು ಬಾಷ್ ಅಂತ ಆತು.

ಮೇಸ್ತ್ರಿ: ಹೆಸರು ಅವರು ಬದಲಿ ಮಾಡ್ಯಾರ, ನಾವಲ್ಲ. ಇವತ್ತಿಗೂ ಈ ಶೆಡ್ಡಿನಾಗ ಪ್ಲಗ್ ಅಂದ್ರ ಮೈಕೋ ಪ್ಲಗ್. ಆತು, ಈಗ ಇಂಜಿನ್ ಚಾಲೂ ಮಾಡು. ನಿನ್ನ ಗೇಟಿನವ ಬರೋದಕ್ಕಿಂತ ಮೊದಲು ಹೊಲ ಹೆಂಗದ ನೋಡೋಣ.

(ಮೇಸ್ತ್ರಿ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಅಂಗೈಯಗಲ ಹರಿದು, ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಹಿಡಿದರು. ಹಾಳೆ ಪಟಪಟ ಹೊರಗೆ ಹಾರುತ್ತಿತ್ತು. ನಡುನಡುವೆ ಒಂದೊಂದು ಸಲ ಮಾತ್ರ ಯಾರೋ ಒಳಗಿನಿಂದ ಉಸಿರೆಳೆದಂತೆ ಪೈಪಿನ ಬಾಯಿಗೆ ಅಂಟಿಕೊಂಡು ಮತ್ತೆ ಬಿಡುತ್ತಿತ್ತು.)

ಮೇಸ್ತ್ರಿ: ಕಂಡ್ಯಾ? ಈ ಪೈಪು ಊದಬೇಕು, ಎಳೀಬಾರದು. ಒಳಗ ಒಂದು ಎಕ್ಸಾಸ್ಟ್ ವಾಲ್ವ್ ಪೂರಾ ಮುಚ್ಚಲಿಕತ್ತಿಲ್ಲ. (ಶೆಡ್ಡಿನ ಹುಡುಗನಿಗೆ) ಏ, ಇಂಜಿನ್ ಬಿಸಿ ಇರುವಾಗೇ ನಾಕೂ ಪ್ಲಗ್ ಬಿಚ್ಚು. ಕಂಪ್ರೆಶನ್ ಗೇಜ್ ತಾ. ಕಾಯಿಲ್ ವೈರ್ ತಗಿ.

ಮೊಮ್ಮಗ: ಅದು ಆಗೋತನಕ ನಾ ತಂದ ಪ್ಲಾನ್ ಕೇಳ್ರಿ. ಅಮೆರಿಕದಾಗ ಹಾಲಿ ಅಂತ ಕಂಪನಿಯ ಸ್ನೈಪರ್ ಕಿಟ್ ಬರ್ತದ. ಕಾರ್ಬೋರೇಟರ್ ಕುಂತ ಜಾಗದಾಗೇ ಕೂಡತದ, ಕಂಪ್ಯೂಟರ್ ಅದರ ಮೈಯಾಗೇ ಅದ. ಆದ್ರ ಅದು ಅಲ್ಲಿಯ ದೊಡ್ಡ ವಿ-8 ಇಂಜಿನ್ನಿಗಿ ಮಾಡಿದ್ದು. ಸಾವಿರ ಡಾಲರಿನ ಮ್ಯಾಲ ರೇಟು, ಹಡಗಿನ ಬಾಡಿಗಿ, ಸುಂಕ ಬ್ಯಾರೆ.

ಮೇಸ್ತ್ರಿ: ಇದು 1489 ಸಿಸಿ, ಸುಮಾರು ಐವತ್ತು ಹಾರ್ಸ್ ಪವರ್. ಎಮ್ಮಿಯ ನೊಗ ಆಡಿನ ಕೊರಳಿಗಿ ಹಾಕಿದಂಗ.

ಮೊಮ್ಮಗ: ಅದಕ್ಕೇ ಬ್ಯಾರೆ ದಾರಿ. ಕಂಪ್ಯೂಟರ್ ನಾವೇ ಮಾಡೋದು. 2001ರಾಗ ಬೋಲಿಂಗ್, ಗ್ರಿಪ್ಪೊ ಅನ್ನೋ ಇಬ್ಬರು ಅಮೆರಿಕದವರು ಮೆಗಾಸ್ಕ್ವರ್ಟ್ ಅಂತ ಒಂದು ತಗದರು. ಆಮ್ಯಾಲ ಸ್ಪೀಡುಯಿನೊ ಬಂತು. ಕಾಲೇಜು ಹುಡುಗುರು ಪ್ರಾಜೆಕ್ಟಿಗಿ ಉಪಯೋಗಿಸೋ ಆರ್ಡುಯಿನೊ ಮೆಗಾ ಬೋರ್ಡಿನ ಮ್ಯಾಲ ನಡೀತದ. ಅದರ ನಕ್ಷೆ, ಪ್ರೋಗ್ರಾಮು ಎಲ್ಲಾ ಬಯಲಿಗೇ ಇಟ್ಟಾರ, ಯಾರರ ತಗೋಬಹುದು. ಇಂಜೆಕ್ಟರ್, ಸೆನ್ಸರ್ ಎಲ್ಲಾ ನಮ್ಮ ದೇಶದ ಗಾಡಿಗಳವೇ ಗುಜರ್ಯಾಗ ಸಿಗ್ತಾವ. ನಾಕು ಸಿಲಿಂಡರಿಗಿ ನಾಕು ಇಂಜೆಕ್ಟರ್ ಹಚ್ಚಿಬಿಟ್ಟರ...

ಮೇಸ್ತ್ರಿ: ಎಲ್ಲಿ ಹಚ್ತೀ?

ಮೊಮ್ಮಗ: ಒಂದೊಂದು ಸಿಲಿಂಡರಿನ ಗಾಳಿ ದಾರಿಗಿ ಒಂದೊಂದು.

ಮೇಸ್ತ್ರಿ: ಇಲ್ಲಿ ಬಾ, ಬಗ್ಗಿ ನೋಡು. ಹೆಡ್ಡಿನ ಈ ಮಗ್ಗಲಿಗಿ ಎಷ್ಟು ತೂತು ಅವ? ಐದು. ಮೂರು ಹೊಗಿ ಹೋಗಾಕ, ಎರಡೇ ಗಾಳಿ ಬರಾಕ. ಒಂದು, ಎರಡನೇ ಸಿಲಿಂಡರಿಗಿ ಕೂಡಿ ಒಂದು ಬಾಗಲ. ಮೂರು, ನಾಕಕ್ಕ ಕೂಡಿ ಇನ್ನೊಂದು. ಎರಡು ಮನಿಗಿ ಒಂದೇ ತಲಬಾಗಲ. ನಿನ್ನ ನಾಕು ಇಂಜೆಕ್ಟರ್ ಎಲ್ಲಿ ಕೂಡಸ್ತೀ?

ಮೊಮ್ಮಗ: (ಸ್ವಲ್ಪ ಹೊತ್ತು ಬಿಟ್ಟು) ಇದು ನಾ ನೋಡಿರಲಿಲ್ಲ. ಹಂಗಾದ್ರ ಬಾಗಲಿಗಿ ಒಂದರಂಗ ಎರಡು.

ಮೇಸ್ತ್ರಿ: ಅದರಾಗೂ ತೊಡಕದ. ಇದರ ಫೈರಿಂಗ್ ಆರ್ಡರ್ ಒಂದು-ಮೂರು-ನಾಕು-ಎರಡು. ಎರಡನೇದು ಎಳದ ಹಿಂದೇ ಒಂದನೇದು ಎಳೀತದ, ಆಮ್ಯಾಲ ಆ ಬಾಗಲಿಗಿ ದೊಡ್ಡ ವಿರಾಮ. ಆ ವಿರಾಮದಾಗ ನಿನ್ನ ಇಂಜೆಕ್ಟರ್ ಸಿಂಪಡಿಸಿದ್ದು ಅಲ್ಲೇ ಕುಂತಿರ್ತದ. ಇಬ್ಬರಿಗಿ ಸಮ ಹೆಂಗ ಹಂಚ್ತದ? ಕಾಲುವಿ ತಲಿಕಡಿ ಹೊಲದವ, ಕೊನೀ ಹೊಲದವ ಯಾಕ ಜಗಳಾಡ್ತಾರ ಗೊತ್ತದಲ್ಲ.

ಮೊಮ್ಮಗ: ಇಂಗ್ಲೆಂಡಿನ ಮಿನಿ ಕಾರಿನವರಿಗೂ ಇದೇ ತ್ರಾಸ ಇತ್ತು ಕಾಕಾ. ಅದರ ಇಂಜಿನ್ನು ಇದರ ತಮ್ಮ ಇದ್ದಂಗ. ಇದು ಬಿಎಂಸಿ ಬಿ-ಸೀರೀಸ್, ಅದು ಎ-ಸೀರೀಸ್. ಅದಕ್ಕೂ ಎರಡೇ ಗಾಳಿ ಬಾಗಲ. 1991ರಾಗ ರೋವರ್ ಕಂಪನಿ ಮಿನಿ ಕೂಪರಿಗಿ ಇಂಜೆಕ್ಷನ್ ಹಾಕುವಾಗ ಒಂದೇ ಇಂಜೆಕ್ಟರನ್ನ ಕಾರ್ಬೋರೇಟರ್ ಜಾಗದಾಗ ಇಟ್ಟಿತು. ಬಾಗಲಿಗಿ ಒಂದರಂಗ ಎರಡು ಇಟ್ಟಿದ್ದು 1996ರಾಗ.

ಮೇಸ್ತ್ರಿ: ದೊಡ್ಡ ಕಂಪನಿಗೇ ಒಂದರಿಂದ ಎರಡಕ್ಕ ಹೋಗಾಕ ಐದು ವರ್ಷ ಹಿಡೀತು. ನಿನ್ನ ರಜಾ ಎಷ್ಟು ದಿನ?

ಮೊಮ್ಮಗ: ಹತ್ತು ದಿನ.

ಮೇಸ್ತ್ರಿ: ಹಂಗಾದ್ರ ಅವರು ಮೊದಲು ಮಾಡಿದ್ದೇ ಮಾಡು. ಕಾರ್ಬೋರೇಟರ್ ಕುಂತ ಜಾಗದಾಗೇ ಸಿಂಪಡಿಸು. ಗಾಳಿ, ಪೆಟ್ರೋಲ್ ಅಲ್ಲಿಂದ ಕೂಡಿಕೊಂಡೇ ಬರ್ತಾವ, ಹಂಚಿಕಿ ಈಗ ಹೆಂಗ ನಡೀತದೋ ಹಂಗೇ ನಡೀತದ. ಮ್ಯಾನಿಫೋಲ್ಡಿಗಿ ಡ್ರಿಲ್ ಮಾಡೋ ಕೆಲಸಾನೂ ಇಲ್ಲ.

(ಹುಡುಗ ಗೇಜನ್ನು ಒಂದೊಂದೇ ಪ್ಲಗ್ಗಿನ ತೂತಿಗೆ ತಿರುವಿದ. ಮೊಮ್ಮಗ ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದ. ಪೌಂಡುಗಳಲ್ಲಿ 130. 125. 80. 128. ಮೂರನೆಯದರ ತೂತಿಗೆ ಮೇಸ್ತ್ರಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಹೊಡೆಸಿದರು. ಮುಳ್ಳು 83ಕ್ಕೆ ನಿಂತಿತು.)

ಮೇಸ್ತ್ರಿ: ಆಯಿಲ್ ಹಾಕಿದ ಮ್ಯಾಲ ಏರಿದ್ದರ ರಿಂಗ್ ಸವದಾವ ಅಂತಿದ್ದೆ. ಏರಲಿಲ್ಲ. ಮೂರನೇದರ ವಾಲ್ವೇ. ನಾಕರ ನಡು ನೂರಕ್ಕ ಹತ್ತು ಹದಿನೈದು ಹೆಚ್ಚುಕಮ್ಮಿ ಇದ್ದರ ನಡೀತದ, ಇದು ಮೂವತ್ತೈದರ ಮ್ಯಾಲ ಬಿದ್ದದ.

ಮೊಮ್ಮಗ: ಹೆಂಗ ಸುಟ್ಟಿತ್ರಿ? ಗಾಡಿ ಓಡೋದೇ ಕಮ್ಮಿ.

ಮೇಸ್ತ್ರಿ: ಈ ಹೆಡ್ಡು ಸೀಸದ ಪೆಟ್ರೋಲಿನ ಕಾಲದ್ದು. ಆ ಸೀಸ ವಾಲ್ವಿಗಿ, ಅದು ಕುಂದ್ರೋ ಸೀಟಿಗಿ ನಡು ಒಂದು ಹಾಸಿಗಿ ಇದ್ದಂಗ ಇರ್ತಿತ್ತು. 2000ದ ಫೆಬ್ರವರಿಯಿಂದ ದೇಶದಾಗ ಎಲ್ಲಾ ಕಡಿ ಸೀಸ ಇಲ್ಲದ್ದೇ ಬಂತು. ಮಂದಿಗಿ, ಹುಡುಗುರಿಗಿ ಚಲೋನೇ ಆತು. ಇಂಥ ಹೆಡ್ಡಿಗಿ ಮಾತ್ರ ಹಾಸಿಗಿ ಹೋತು. ಕಬ್ಬಿಣದ ಸೀಟು ದಿನಾ ದಿನಾ ಸವೀತದ, ವಾಲ್ವ್ ಒಳಗ ಇಳೀತದ, ಟ್ಯಾಪೆಟ್ ಸಂದು ಮುಚ್ತದ, ಸಂದು ಮುಚ್ಚಿದ ವಾಲ್ವ್ ಪೂರಾ ಕೂಡಂಗಿಲ್ಲ, ಬೆಂಕಿ ಅದರ ಅಂಚು ತಿಂತದ. ಗಟ್ಟಿ ಸೀಟ್ ರಿಂಗ್ ಕೂಡಿಸಿ, ಹೊಸ ವಾಲ್ವ್ ಹಾಕಬೇಕು. ಈಗ ಹೇಳು: ನಿನ್ನ ಕಂಪ್ಯೂಟರ್ ಈ ವಾಲ್ವನ್ನ ಸರಿ ಮಾಡ್ತದೇನು?

ಮೊಮ್ಮಗ: ಇಲ್ರಿ.

ಮೇಸ್ತ್ರಿ: ಸರಿ ಮಾಡೋದು ಹೋಗಲಿ, ಇನ್ನಷ್ಟು ಕೆಡಸ್ತದ. ಆಗಲೇ ಕೇಳಿದೆನಲ್ಲ, ಗೇಟಿನವನಿಗಿ ತಪ್ಪು ಲೆಕ್ಕ ಕೊಟ್ಟರ ಅಂತ. ಮೂರನೇ ಸಿಲಿಂಡರ್ ಬರೋಬರಿ ಸುಡಲಿಲ್ಲ ಅಂದ್ರ ಅದರ ಗಾಳಿ ಸುಡದೇ ಹೊರಗ ಬರ್ತದ. ನಿನ್ನ ಆಕ್ಸಿಜನ್ ಸೆನ್ಸರ್ ಏನಂತದ?

ಮೊಮ್ಮಗ: ಆಕ್ಸಿಜನ್ ಹೆಚ್ಚದ, ಅಂದ್ರ ಪೆಟ್ರೋಲ್ ಕಮ್ಮಿ ಆಗ್ಯಾದ ಅಂತದ.

ಮೇಸ್ತ್ರಿ: ಆಗ ಕಂಪ್ಯೂಟರ್?

ಮೊಮ್ಮಗ: ನಾಕಕ್ಕೂ ಪೆಟ್ರೋಲ್ ಹೆಚ್ಚು ಮಾಡ್ತದ.

ಮೇಸ್ತ್ರಿ: ಒಬ್ಬನ ಹೊಟ್ಟಿ ನೋವಿಗಿ ಮನ್ಯಾಗಿನ ಎಲ್ಲಾರಿಗೂ ಮಾತ್ರಿ. ಎಕ್ಸಾಸ್ಟ್ ಗ್ಯಾಸ್ಕೆಟಿನಾಗ ಕೂದಲೆಳಿ ಸೀಳಿದ್ದರೂ ಇದೇ ಕಥಿ. ಹೊರಗಿನ ಗಾಳಿ ಒಳಗ ನುಸೀತದ, ಸೆನ್ಸರ್ ಸುಳ್ಳು ಹೇಳ್ತದ, ಕಂಪ್ಯೂಟರ್ ನಂಬ್ತದ. ಕಾರ್ಬೋರೇಟರ್ ಯಾರ ಮಾತೂ ಕೇಳಂಗಿಲ್ಲ, ಅದಕ್ಕೇ ಯಾರ ಸುಳ್ಳೂ ಅದಕ್ಕ ತಟ್ಟಂಗಿಲ್ಲ. ನಿನ್ನ ಇಂಜೆಕ್ಷನ್ ಔಷಧ ಅಲ್ಲ ತಮ್ಮಾ, ಅದು ಅಳತಿ. ಸೊಟ್ಟ ಇದ್ದಿದ್ದನ್ನ ಸೊಟ್ಟ ಅಂತ ಬರೋಬರಿ ಅಳೀತದ, ಅಷ್ಟೇ.

ಮೊಮ್ಮಗ: ಒಪ್ಪಿದೆ. ಮೊದಲು ಹೆಡ್ಡು. ಆದ್ರ ಹೆಡ್ಡು ಸರಿ ಆದ ಮ್ಯಾಲ ಇಂಜೆಕ್ಷನ್ ಬ್ಯಾಡ ಅನ್ನಾಕ ಕಾರಣ ಉಳಿಯಂಗಿಲ್ಲ. ಈಗಿನ ಪೆಟ್ರೋಲನ್ನೇ ನೋಡ್ರಿ. 2023ರ ಫೆಬ್ರವರಿಯಾಗ ಬೆಂಗಳೂರಿನ ಇಂಧನ ಸಮಾವೇಶದಾಗ ಇ-20 ಬಿಡುಗಡಿ ಮಾಡಿದರು. ಈಗ ನೂರಕ್ಕ ಇಪ್ಪತ್ತು ಪಾಲು ಎಥನಾಲ್. ಬರೇ ಪೆಟ್ರೋಲಿನ ಒಂದು ಕಿಲೊ ಸುಡಾಕ 14.7 ಕಿಲೊ ಗಾಳಿ ಬೇಕು, ಎಥನಾಲಿಗಿ 9 ಸಾಕು. ಎರಡೂ ಬೆರತರ ಸುಮಾರು 13.5. ಈ ಜೆಟ್ಟಿನ ತೂತು ಬರೇ ಪೆಟ್ರೋಲಿಗಿ ಕೊರದದ್ದು. ಈಗಿನ ಪೆಟ್ರೋಲ್ ಹಾಕಿದರ ಗಾಳಿ ಹೆಚ್ಚು, ಎಣ್ಣಿ ಕಮ್ಮಿ. ಇಂಜಿನ್ ಕಾಯ್ತದ.

ಮೇಸ್ತ್ರಿ: ಖರೇ ಅದ. ಹೋದ ವರ್ಷದಿಂದ ನಾ ಹಳೇ ಗಾಡಿಗೋಳಿಗಿ ಒಂದು ನಂಬರ್ ದೊಡ್ಡ ಜೆಟ್ ಹಾಕಲಿಕತ್ತೀನಿ. ಪಂಪಿನ ಡಯಾಫ್ರಂ, ರಬ್ಬರ್ ಪೈಪು ಉಬ್ಬಿ ಹರದು ಬರ್ತಾವ. ತಿಂಗಳಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಾಗ ನೀರು ಸಿಗ್ತದ.

ಮೊಮ್ಮಗ: ದೊಡ್ಡ ಜೆಟ್ ಹಾಕೋದು ಮತ್ತೊಂದು ಅಂದಾಜು. ಇಂಜೆಕ್ಷನ್ ಆ ವ್ಯತ್ಯಾಸ ತಾನೇ ಅಳದು ತುಂಬಸ್ತದ. ಇವತ್ತಿನ ಹಬಿ ತ್ರಾಸನೂ ಹೋಗ್ತದ. ಪಂಪು ಟ್ಯಾಂಕಿನ ಹತ್ರ ಇರ್ತದ, ಒತ್ತಡ ಹೆಚ್ಚಿದ್ದಷ್ಟು ಪೆಟ್ರೋಲ್ ಕುದಿಯೋದು ತಡ, ಉಳದಿದ್ದು ರಿಟರ್ನ್ ಪೈಪಿನಾಗ ವಾಪಸ್ ಟ್ಯಾಂಕಿಗಿ. ನಿಂತಲ್ಲೇ ನಿಂತು ಬಿಸಿ ಆಗೋ ಮಾತಿಲ್ಲ.

ಮೇಸ್ತ್ರಿ: ಇದು ಗಟ್ಟಿ ಮಾತು. ಇಂಜೆಕ್ಟರ್ ಎಷ್ಟರದ್ದು ಬೇಕು, ಲೆಕ್ಕ ಹಾಕಿಯೇನು?

(ಮೊಮ್ಮಗ ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿನ ತಗಡಿನ ಮೇಲೆ ಬರೆದ.)

ಮೊಮ್ಮಗ: ಜೋರಾಗಿ ಎಳಿಯುವಾಗ ಒಂದು ಹಾರ್ಸ್ ಪವರಿಗಿ ತಾಸಿಗಿ ಸುಮಾರು 225 ಗ್ರಾಂ. ಐವತ್ತಕ್ಕ 11 ಕಿಲೊ ಚಿಲ್ಲರೆ, ಅಂದ್ರ ತಾಸಿಗಿ 15 ಲೀಟರ್, ನಿಮಿಷಕ್ಕ 250 ಸಿಸಿ. ಇಂಜೆಕ್ಟರ್ ನೂರಕ್ಕ ಎಂಬತ್ತರಷ್ಟು ಹೊತ್ತಿನ ಮ್ಯಾಲ ತೆರದೇ ಇರಬಾರದು. ಅದಕ್ಕ 312. ಎಥನಾಲಿಗಿ ಇನ್ನೊಂದು ಎಂಟು ಪರ್ಸೆಂಟ್ ಕೂಡಿಸಿದರ 340 ಸಿಸಿ. ಒಂದೇ ಹಚ್ಚಿದರ 340ರದ್ದು, ಎರಡು ಹಚ್ಚಿದರ 170ರವು ಎರಡು.

ಮೇಸ್ತ್ರಿ: ಚಲೋ. ಈಗ ನನ್ನ ಲೆಕ್ಕ ಬರಕೋ. ಈಗಿನ ಪಂಪಿನ ಒತ್ತಡ ಮೂರು ಪೌಂಡಿನ ಸುತ್ತ. ಪೈಪು ಸೀಳಿದರ ತೊಟ್ಟಿಕ್ಕತದ, ವಾಸನಿ ಬರ್ತದ, ನಿಲ್ಲಿಸಿ ನೋಡ್ತೀವಿ. ನಿನ್ನದು ನಲವತ್ಮೂರು. ಸೀಳಿದರ ಬಿಸಿ ಸೈಲೆನ್ಸರ್ ಮ್ಯಾಲ ಪಿಚಕಾರಿ ಹೊಡೀತದ. ಇಲ್ಲಿ ಸಿಗೋ ಮಾಮೂಲಿ ಪೈಪು, ಸ್ಕ್ರೂ ಕ್ಲಿಪ್ಪು ನಡಿಯಂಗಿಲ್ಲ. ಇಂಜೆಕ್ಷನ್ನಿನದೇ ಪೈಪು ಬೇಕು. ಇಂಜಿನ್ ಬಂದ್ ಆದ ಕೂಡಲೇ ಪಂಪು ಬಂದ್ ಆಗಬೇಕು, ಕೀಲಿ ಆನ್ ಇದ್ದರೂ. ಗಾಡಿ ಎಲ್ಲರ ಬಡಕೊಂಡರ ತಾನೇ ಕಟ್ ಆಗೋ ಸ್ವಿಚ್ ಬೇಕು. ನಲವತ್ತು ವರ್ಷದ ಟ್ಯಾಂಕು, ಒಳಗ ತುಕ್ಕು. ಅದನ್ನ ಇಳಿಸಿ ತೊಳೀಬೇಕು, ಎರಡು ಫಿಲ್ಟರ್ ಹಾಕಬೇಕು. ಸುರಪುರದ ಗುಡ್ಡದ ರಸ್ತ್ಯಾಗ ಅರ್ಧ ಟ್ಯಾಂಕ್ ಇದ್ದಾಗ ಪೆಟ್ರೋಲ್ ಒಂದು ಮಗ್ಗಲಿಗಿ ಸರೀತದ. ಕಾರ್ಬೋರೇಟರಿನ ಬಟ್ಟಲದಾಗ ಒಂದು ಗುಟುಕು ಇರ್ತದ, ಸಾಲ್ತದ. ನಿನ್ನ ಪಂಪು ಒಂದು ಸೆಕೆಂಡ್ ಗಾಳಿ ಕುಡದರೂ ಇಂಜಿನ್ ಜಗ್ತದ.

ಮೊಮ್ಮಗ: ಅದಕ್ಕ ನಡುವ ಒಂದು ಸಣ್ಣ ಸರ್ಜ್ ಟ್ಯಾಂಕ್ ಇಡೋಣ.

ಮೇಸ್ತ್ರಿ: ಇನ್ನ ಕರೆಂಟು. ಆಲ್ಟರ್ನೇಟರ್ ಏನೋ ಅದ. ಅರ್ತ್ ಎಲ್ಲಾ ತುಕ್ಕಿನ ಬೋಲ್ಟಿನ ಮ್ಯಾಲ ನಿಂತಾವ. ಸೆಲ್ಫ್ ಹೊಡದಾಗ ಹೆಡ್‌ಲೈಟ್ ಹೆಂಗ ಮಂಕ ಆಗ್ತದ ನೋಡಿಯಲ್ಲ. ಆ ಹೊತ್ತಿನಾಗ ನಿನ್ನ ಕಂಪ್ಯೂಟರ್ ಎಚ್ಚರ ಇರಬೇಕಲ್ಲ?

ಮೊಮ್ಮಗ: ಬ್ಯಾಟ್ರಿ ಹತ್ತು ವೋಲ್ಟಿನ ಕೆಳಗ ಭಾಳ ಇಳದರ ಅದು ಬಂದ್ ಆಗಿ ಮತ್ತ ಮೊದಲಿಂದ ಶುರು ಆಗ್ತದ. ದಪ್ಪ ಅರ್ತ್ ವೈರು ಬ್ಯಾಟ್ರಿಯಿಂದ ಸೀದಾ ಇಂಜಿನ್ನಿಗಿ ಎಳಿಯೋಣ. ಪಾಯಿಂಟ್ ಕಿಡಿಯ ಗದ್ದಲ ಸೆನ್ಸರ್ ವೈರಿನಾಗ ಬರ್ತದ, ಅದಕ್ಕ ಪಾಯಿಂಟ್ ತಗದು ಕ್ರ್ಯಾಂಕ್ ಪುಲ್ಲಿ ಹಿಂದ ಮೂವತ್ತಾರು ಹಲ್ಲಿನ ಚಕ್ರ ಹಚ್ಚೋಣ. ಅದರಾಗ ಒಂದು ಹಲ್ಲು ಬೇಕಂತಲೇ ಇಲ್ಲ. ಆ ಖಾಲಿ ಜಾಗ ಹಾದಾಗ ಪಿಸ್ಟನ್ ಎಲ್ಲದ ಅಂತ ಕಂಪ್ಯೂಟರಿಗಿ ತಿಳೀತದ.

ಮೇಸ್ತ್ರಿ: ಹಲ್ಲಿಲ್ಲದ ಕಡಿಯಿಂದನೇ ವಯಸ್ಸು ತಿಳಿಯೋದು, ದನದ ಸಂತ್ಯಾಗೂ ಹಂಗೇ. ಎಲ್ಲಾ ಆತು ಅನ್ನು. ಹತ್ತು ದಿನದಾಗ ಮಾಡಿದಿ, ಓಡ್ತು. ಹನ್ನೊಂದನೇ ದಿನ ನೀ ಬೆಂಗಳೂರಿಗಿ ಹೋಗ್ತಿ. ಗಾಡಿ ಯಾರ ಹತ್ರ?

ಮೊಮ್ಮಗ: ಅಪ್ಪಾಜಿ ಹತ್ರ.

ಮೇಸ್ತ್ರಿ: ಅವರು ತಿಂಥಣಿ ಮೌನೇಶ್ವರನ ಜಾತ್ರಿಗಿ ಮನಿ ಮಂದೀನ ಕೂಡಿಸಿಕೊಂಡು ಹೊಂಟಾಗ ಹಾದ್ಯಾಗ ನಿಲ್ತದ. ಕಾರ್ಬೋರೇಟರ್ ಇದ್ದರ ಯಾವ ಊರಿನ ಪಂಪ್‌ಸೆಟ್ ರಿಪೇರಿಯವನೂ ಜೆಟ್ ಬಿಚ್ಚಿ ಬಾಯಿಲೇ ಊದಿ ಕೊಡ್ತಾನ. ನಿನ್ನದು ನಿಂತರ ಯಾರು ನೋಡ್ತಾರ?

ಮೊಮ್ಮಗ: ಇಲ್ಲಿ ನಿಮ್ಮ ಮಾತು ಹಳೇದಾತು ಕಾಕಾ. 2020ರ ಏಪ್ರಿಲಿನಿಂದ ಬಿಎಸ್-6 ಹೊಗಿ ನಿಯಮ ಬಂತು, ಆವಾಗಿಂದ ಭಾಳಷ್ಟು ಬೈಕಿಗೂ ಇಂಜೆಕ್ಷನ್ನೇ. ಎದುರಿನ ಬೈಕ್ ಅಂಗಡಿ ಹುಡುಗ ಮೊಬೈಲಿಗಿ ಸ್ಕ್ಯಾನರ್ ಹಚ್ಚಿ ಯಾವ ಸೆನ್ಸರ್ ಹೋಗ್ಯಾದ ಹೇಳ್ತಾನ. ಇಂಜೆಕ್ಷನ್ ಈ ಊರಿಗಿ ಬಂದು ವರ್ಷಾದವು. ನಿಮ್ಮ ಶೆಡ್ಡಿನೊಳಗ ಬಂದಿಲ್ಲ, ಅಷ್ಟೇ.

ಮೇಸ್ತ್ರಿ: (ನಕ್ಕು) ಹೊಡದಿ ಬರೋಬರಿ. ಆದ್ರ ಒಂದು ಫರಕ್ ಅದ. ಆ ಬೈಕು ದೇಶದಾಗ ಲಕ್ಷಗಟ್ಟಲೆ ಅವ. ಎಲ್ಲದರಾಗೂ ಅದೇ ಬಣ್ಣದ ವೈರು, ಅದೇ ಜಾಗದಾಗ ರಿಲೇ. ಒಬ್ಬ ಕಲಿತದ್ದು ಎಲ್ಲಾರಿಗೂ ಆಗ್ತದ. ನಿನ್ನ ಗಾಡಿ ಲೋಕದಾಗ ಒಂದೇ. ಅದರ ಪುಸ್ತಕ ಎಲ್ಲದ? ನಿನ್ನ ತಲ್ಯಾಗ. ನೀ ಎಲ್ಲದಿ? ಬೆಂಗಳೂರಾಗ. ನಾ ಹೆದರೋದು ಇಂಜೆಕ್ಷನ್ನಿಗಿ ಅಲ್ಲ, ಒಬ್ಬನಿಗೇ ಗೊತ್ತಿರೋ ಗಾಡಿಗಿ.

ಮೊಮ್ಮಗ: ...

ಮೇಸ್ತ್ರಿ: ಸುಮ್ಮ ಯಾಕಾದಿ? ಕಾಗದಪತ್ರದ ಮಾತೂ ಅದ. ಮೋಟಾರು ಕಾಯ್ದಿ 52ನೇ ಕಲಂ ಪ್ರಕಾರ ಕಂಪನಿ ಮಾಡಿದ್ದಕ್ಕ ಬ್ಯಾರೆ ಆಗೋಹಂಗ ಗಾಡಿ ಬದಲಿ ಮಾಡಂಗಿಲ್ಲ. 2019ರ ಜನವರ್ಯಾಗ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ಯಾದ. ಐದೈದು ವರ್ಷಕ್ಕ ಈ ಗಾಡಿ ಫಿಟ್‌ನೆಸ್ಸಿಗಿ ಆರ್‌ಟಿಓ ಮುಂದ ನಿಲ್ಲಬೇಕು.

ಮೊಮ್ಮಗ: ಇಂಜಿನ್ ನಂಬರ್, ಸಿಸಿ, ಇಂಧನ ಯಾವುದೂ ಬದಲಿ ಆಗಂಗಿಲ್ಲ. ಹೊಗಿ ಕಮ್ಮಿ ಆಗ್ತದ. ಈ ವಯಸ್ಸಿನ ಗಾಡಿಗಿ ಸ್ಲೋದಾಗ ಕಾರ್ಬನ್ ಮಾನಾಕ್ಸೈಡ್ ನೂರಕ್ಕ ಮೂರರ ತನಕ ಬಿಡ್ತಾರ, ಬಿಎಸ್-4ರ ಗಾಡಿಗಿ 0.3. ನಮ್ಮದು ಮೂರಕ್ಕಿಂತ ಭಾಳ ಕೆಳಗ ಬರ್ತದ.

ಮೇಸ್ತ್ರಿ: ಅದನ್ನ ನನ್ನ ಮುಂದ ಹೇಳಬ್ಯಾಡ, ಯಾದಗಿರಿ ಆಫೀಸಿನಾಗ ಬರದು ಕೊಟ್ಟು ಕೇಳು. ಬರದು ಕೊಟ್ಟ ಉತ್ತರ ತಾ. ಇನ್ಶೂರೆನ್ಸಿನವರಿಗೂ ತಿಳಿಸು. ಇನ್ನೊಂದು ತಿಳಕೋ: 2021ರ ನಿಯಮದಾಗ ಐವತ್ತು ವರ್ಷ ತುಂಬಿದ ಗಾಡಿಗಿ ವಿಂಟೇಜ್ ಅಂತ ಬ್ಯಾರೆ ನಂಬರ್ ಕೊಡ್ತಾರ. ಅದಕ್ಕ ಗಾಡಿ ಮೂಲ ರೂಪದಾಗೇ ಇರಬೇಕು, ಇಂಜಿನ್ನಿನಾಗ ದೊಡ್ಡ ಬದಲಾವಣಿ ಇರಬಾರದು. ಇದಕ್ಕ 2034ಕ್ಕ ಐವತ್ತು.

ಮೊಮ್ಮಗ: ಹಂಗಾದ್ರ ಒಂದೇ ಒಂದು ತೂತೂ ಕೊರಿಯೋದು ಬ್ಯಾಡ. ಅವರು ಹೂಂ ಅಂದರಷ್ಟೇ ಮಾಡೋದು, ಎಲ್ಲಾ ಬೋಲ್ಟಿನ ಮ್ಯಾಲೇ ಕೂಡಬೇಕು. ಕಾರ್ಬೋರೇಟರ್, ಹಳೇ ಪಂಪು, ಡಿಸ್ಟ್ರಿಬ್ಯೂಟರ್ ಮೂರೂ ಎಣ್ಣಿ ಅರಬಿ ಸುತ್ತಿ ಇಡೋದು. ಬೇಕಾದಾಗ ಅರ್ಧ ದಿನದಾಗ ವಾಪಸ್ ಕೂಡಸೋಹಂಗ.

ಮೇಸ್ತ್ರಿ: ಈಗ ಕೆಲಸದ ಮಾತಾಡಲಿಕತ್ತಿ. ಸಾಲು ಬರಕೋ. ಈ ರಜಾದಾಗ ಹೆಡ್ಡು, ಟ್ಯಾಂಕು, ಅರ್ತ್ ವೈರು. ಇಂಜೆಕ್ಷನ್ ಬರಲಿ ಬಿಡಲಿ, ಇವು ಬೇಕೇ ಬೇಕು. ನೀ ಹೋದ ಮ್ಯಾಲ ಗಾಡಿ ಎರಡು ತಿಂಗಳು ಕಾರ್ಬೋರೇಟರ್ ಮ್ಯಾಲೇ ಓಡ್ಲಿ. ನಾಕೂ ಸಿಲಿಂಡರಿನ ಗೇಜ್ ಮತ್ತ ಹಿಡೀತೀನಿ. ಸಮ ಬಂದು, ಆಫೀಸಿನ ಕಾಗದ ನಿನ್ನ ಕೈಯಾಗಿದ್ದರ ಮಳಿಗಾಲಕ್ಕ ನಿನ್ನ ಗೇಟಿನವನ ಕರಕೊಂಡು ಬಾ. ಹಚ್ಚೋಣ. ನಂದೊಂದು ಷರತ್ತು.

ಮೊಮ್ಮಗ: ಹೇಳ್ರಿ.

ಮೇಸ್ತ್ರಿ: ವೈರಿಂಗಿನ ನಕ್ಷೆ ನೀ ಕನ್ನಡದಾಗ ಬರೀಬೇಕು. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗಿ, ಯಾವ ರಿಲೇ ಯಾತಕ್ಕ, ಯಾವ ಸೆನ್ಸರ್ ಹೋದರ ಗಾಡಿ ಹೆಂಗ ಜಗ್ತದ, ಅದು ಯಾವ ಗಾಡಿದು, ಅಂಗಡ್ಯಾಗ ಏನಂತ ಕೇಳಬೇಕು. ಮೂರು ಪ್ರತಿ. ಒಂದು ಬಾನೆಟ್ಟಿನ ಒಳಗ ಪ್ಲಾಸ್ಟಿಕ್ ಹಾಕಿ ಅಂಟಿಸೋದು, ಒಂದು ನಿಮ್ಮಪ್ಪನ ಹತ್ರ, ಒಂದು ಈ ತಗಡಿಗಿ. ಬರದದ್ದು ನನಗ ತಿಳಿದರ ಸಾಲದು. (ಪ್ಲಗ್ ಒರೆಸುತ್ತಿದ್ದ ಹುಡುಗನನ್ನು ತೋರಿಸಿ) ಇವ ಓದಿ, ನನಗ ತಿರುಗಿ ಹೇಳಬೇಕು.

ಮೊಮ್ಮಗ: ಈಗಲೇ ಶುರು ಮಾಡ್ತೀನಿ. (ಸುಣ್ಣದಲ್ಲಿ ಗೆರೆ ಎಳೆಯುತ್ತ) ಇದು ಬ್ಯಾಟ್ರಿ. ಇದು ಅರ್ತ್. ಹಸಿರು ವೈರು ಪಂಪ್ ರಿಲೇಗಿ. ಕೀಲಿ ಹಾಕಿದ ಕೂಡಲೇ ಪಂಪು ಎರಡು ಸೆಕೆಂಡ್ ಓಡಿ ಒತ್ತಡ ತುಂಬಿ ನಿಲ್ತದ. ಇಂಜಿನ್ ತಿರುಗಾಕ ಶುರು ಆದ ಮ್ಯಾಲ ಮತ್ತ ಓಡ್ತದ. ತಿಳೀತೇನೋ?

ಹುಡುಗ: ತಿಳೀತ್ರಿ. ಬ್ಯಾಟ್ರಿ ಪೂರಾ ಇಳದಿದ್ದರ ಈ ಗಾಡಿ ನೂಕಿ ಚಾಲೂ ಮಾಡಾಕ ಬರ್ತದೇನ್ರಿ?

(ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.)

ಮೊಮ್ಮಗ: ಸ್ವಲ್ಪ ಜೀವ ಇದ್ದರ ಬರ್ತದ. ಪೂರಾ ಇಳದಿದ್ದರ ಪಂಪು ಓಡಂಗಿಲ್ಲ, ಕಂಪ್ಯೂಟರ್ ಏಳಂಗಿಲ್ಲ. ಸುರಪುರದ ತನಕ ನೂಕಿದರೂ ಆಗಂಗಿಲ್ಲ.

ಮೇಸ್ತ್ರಿ: ಅದನ್ನ ಎಲ್ಲಕ್ಕಿಂತ ಮ್ಯಾಲ ಬರಿ. ದೊಡ್ಡ ಅಕ್ಷರದಾಗ.